ಒಸಡಿನಲ್ಲಿ ಸಿಕ್ಕ ಮೆಣಸಿನ ಚೂರು

ಗ್ವೇಸಾನ್
ನವೆಂಬರ್ ೧೯

ನನ್ನ ಮುದ್ದು ಬೊರಾ,

ಊಟ ಮಾಡಿದೆಯಾ? ಬೆಚ್ಚಗೆ ಹೊದ್ದು ಮಲಗುತ್ತಿದ್ದೀಯಾ? ಭಾನುವಾರ ನಾನು ಬರುತ್ತೇನೆ. ಇದನ್ನು ಮೊದಲೇ ಬರೆದುಬಿಟ್ಟೆ, ಇಲ್ಲದಿದ್ದರೆ ನೀನು ಕೊನೆಯ ಸಾಲನ್ನೇ ಮೊದಲು ಓದುತ್ತೀ.

ನಿನ್ನ ಹುಡುಗನ ಮನೆಯವರನ್ನು ನೋಡಲು ಬರುವುದಿಲ್ಲ, ಅವರು ಕಳಿಸಿದ ಖಾರದ ಕೋಸಿನ ಕಿಮ್ಚಿ ಡಬ್ಬದ ಮುಚ್ಚಳವನ್ನೂ ತೆಗೆಯುವುದಿಲ್ಲ, ನನಗೆ ಕೆಲಸವಿದೆ ಎಂದು ಫೋನಿನಲ್ಲಿ ಸಿಡುಕಿದೆನಲ್ಲ, ಕೆಲಸ ಏನೂ ಇರಲಿಲ್ಲ. ಬಲಗಡೆಯ ಒಸಡು ಊದಿತ್ತು. ಹಲ್ಲೆಲ್ಲ ಉದುರಿದರೆ ಬೀಗರ ಮುಂದೆ ಬೊಚ್ಚುಬಾಯಲ್ಲಿ ಹೇಗೆ ಕೂರಲಿ? ಅಮ್ಮನೇ ಹೀಗೆ, ಇನ್ನು ಮಗಳು ಹೇಗೋ ಅಂದುಕೊಂಡರೆ? ಹೆದರಿ ಉಪ್ಪು ಹಾಕಿ ತಿಕ್ಕಿದೆ, ಕಡ್ಡಿಯಿಂದ ಕೆದಕಿದೆ, ನಾಲಿಗೆಯಲ್ಲಿ ಒತ್ತಿ ಒತ್ತಿ ನೋಡಿದೆ. ನೋಡಿದಷ್ಟೂ ಊದಿತು.

ಚಳಿಗಾಲಕ್ಕೆ ಕಿಮ್ಚಿ ಹಾಕುವ ದಿನ ಕೋಸಿಗೆ ಮೆತ್ತುವ ಮಸಾಲೆಯ ರುಚಿ ನೋಡುವವಳು ನಾನೇ ತಾನೇ. ಬೆರಳು ನೆಕ್ಕಿದ್ದೇ ತಡ, ಕಣ್ಣಲ್ಲಿ ನೀರು. ಪಕ್ಕದ ಮನೆಯ ಒಕ್‌ಬುನ್ ಅಕ್ಕ ಕೋಸು ಬಿಟ್ಟು ಎದ್ದಳು. "ಏ ಮಲ್‌ಸುನ್, ಕೆನ್ನೆಯೊಳಗೆ ಕಡುಬು ಬಚ್ಚಿಟ್ಟಿದ್ದೀಯೇನೇ? ನಡಿ ಡಾಕ್ಟರ್ ಹತ್ರ!" ಮಸಾಲೆ ಮೆತ್ತಿದ ಕೈಗವಸಿನಲ್ಲೇ ಎಳೆದುಕೊಂಡು ಹೋದಳು.

ಹಲ್ಲಿನ ಡಾಕ್ಟರು ನಿನ್ನ ವಯಸ್ಸಿನ ಹುಡುಗಿ. ಒಸಡಿನ ಸಂದಿನಿಂದ ಚಿಮಟದಲ್ಲಿ ಏನೋ ಎಳೆದು ತೋರಿಸಿದಳು. ಕೆಂಪು ಮೆಣಸಿನ ಸಿಪ್ಪೆ! "ಅಮ್ಮಾ, ಹಲ್ಲು ಕಲ್ಲಿನ ಹಾಗಿದೆ. ಖಾರ ನರಾನ ಕೆಣಕ್ತು, ಮೇಲಿಂದ ನೀವೂ ಕೆಣಕಿದ್ರಿ. ನರ ಬರೀ ನೋವು ಅಂತ ತಲೆಗೆ ಸುದ್ದಿ ಮುಟ್ಟಿಸಿ ಸುಮ್ನಿರಲ್ಲ. ಅಲ್ಲೇ ಸುತ್ತಮುತ್ತಾನೂ ಕೂಗು ಹಾಕತ್ತೆ. ರಕ್ತ ಓಡಿ ಬರತ್ತೆ, ಒಸಡು ಊದತ್ತೆ. ಊದಿದ್ದು ಮತ್ತೆ ನರಾನೇ ಒತ್ತತ್ತೆ."

ಅಕ್ಕ ತೊಡೆ ತಟ್ಟಿ ನಕ್ಕಳು. "ಥೇಟ್ ಇವಳೇ ಡಾಕ್ಟ್ರೇ! ಅನ್ನ ತಳ ಹಿಡಿದ್ರೆ ಬೀದಿಯೋರ್ನೆಲ್ಲ ಕೂಗಿ ಸೇರಿಸ್ತಾಳೆ. ಬಂದೋರ ನೂಕಾಟಕ್ಕೆ ಪಾತ್ರೇನೂ ಉರುಳತ್ತೆ!"

ನಾಲ್ಕನೇ ಕ್ಲಾಸು ದಾಟದ ನನಗೂ ಅರ್ಥವಾಯಿತು. ಅಷ್ಟರಲ್ಲಿ ಅಕ್ಕ ಆ ಸಿಪ್ಪೆಯನ್ನು ಕಣ್ಣಿಗೆ ಹತ್ತಿರ ಹಿಡಿದು, "ನೀನು ಮೆಣಸು ಹಿಟ್ಟಿನ ಹಾಗೆ ಬೀಸಿಸ್ಕೊಂಡ್ ಬರ್ತೀಯ. ಇಷ್ಟು ದಪ್ಪ ಚೂರು ಎಲ್ಲಿಂದ ಬಂತೇ?" ಎಂದಳು. ಗಾಳಿಗೆ ಹಾರಿ ಬಂದಿರಬೇಕು ಎಂದೆ.

ಮೆತ್ತಗೆ ತಿಕ್ಕಬೇಕು, ಕೆದಕಬಾರದು, ಸ್ವಲ್ಪ ದಿನ ಖಾರ ಬೇಡ ಎಂದಳು ಡಾಕ್ಟರು. ಕೈಕಟ್ಟಿ ಕೂತೆ. ಕೆದಕದೆ ಕೂರುವುದು ಎಷ್ಟು ಕಷ್ಟ! ಊತ ಇಳಿಯಿತು. ಇವತ್ತು ಕನ್ನಡಿ ಮುಂದೆ ಹಲ್ಲು ಕಾಣುವಂತೆ ನಕ್ಕು ನೋಡಿದೆ, ಪರವಾಗಿಲ್ಲ. ನೇರಳೆ ಕೋಟು ಹಾಕಲೇ? ಬಸ್ಸು ತಪ್ಪಿದರೆ? ಹಿಮ ಬಿದ್ದರೆ? ಶನಿವಾರವೇ ಬಂದುಬಿಡುತ್ತೇನೆ.

ನಿನ್ನ ಹೆದರುಪುಕ್ಕಲಿ ಅಮ್ಮ,
ಮಲ್‌ಸುನ್

ತಾ.ಕ.: ನಿನ್ನ ಅತ್ತೆಯಾಗುವವರು ಮೆಣಸನ್ನು ದಪ್ಪಗೆ ಕುಟ್ಟಿಸುತ್ತಾರೆ. ಅವರ ಡಬ್ಬ ಖಾಲಿಯಾಗಿದೆ. ತೊಳೆದಿಟ್ಟಿದ್ದೇನೆ, ನಮ್ಮದು ತುಂಬಿಕೊಂಡು ಬರುತ್ತೇನೆ. ಒಕ್‌ಬುನ್ ಅಕ್ಕನಿಗೆ ಮಾತ್ರ ಹೇಳಬೇಡ, ನಮ್ಮದಕ್ಕಿಂತ ನಿನ್ನ ಅತ್ತೆಯದೇ ಹೆಚ್ಚು ರುಚಿ.