ನಿಲ್ಲಿಸಿದ ಹಾಲು

ಘಾಟಬೋರಾಳ
೧೪-೩-೧೯೭೨

ಚಿ. ಸೌ. ಸೂಗಮ್ಮನಿಗೆ ನಿನ್ನ ಅವ್ವ ಕಸ್ತೂರಿಬಾಯಿ ಮಾಡುವ ಆಶೀರ್ವಾದ.

ನಾವಿಲ್ಲಿ ಉಸಿರಾಡಿಕೊಂಡಿದ್ದೇವೆ. ಕ್ಷೇಮ ಅಂತ ಬರೆಯಲು ಕೈ ಏಳುವುದಿಲ್ಲ. ನಿನ್ನ ಕಾಗದ ಬಂದು ಬಹಳ ದಿನವಾಯಿತು, ಸಿಟ್ಟಾಗಬೇಡ. ಮೊದಲೇ ಮಠದಲ್ಲಿ ಕಲಿತ ನಾಲ್ಕಕ್ಷರ. ಬರೆಯಲು ಕೂತರೆ ಕಣ್ಣು ತುಂಬಿ ಮಸಿಯೆಲ್ಲ ಕಲೆಸಿಹೋಗುತ್ತದೆ, ಹರಿದು ಹಾಕಿ ಎದ್ದುಬಿಡುತ್ತೇನೆ.

ನಿನ್ನ ಗಂಡ ಬಸವಣಪ್ಪ ಮೊನ್ನೆ ಹುಮನಾಬಾದಿಗೆ ಬಂದವರು ಇಲ್ಲಿಗೂ ಬಂದಿದ್ದರು. ಚಹಾ ಮುಂದಿಟ್ಟರೆ ಮುಟ್ಟಲಿಲ್ಲ. "ಅತ್ತಿ, ಆಕಿ ಕೂಸಿಗೆ ಹಾಲು ಕೊಡೂದು ಬಿಟ್ಟಾಳ್ರಿ. ಎದಿಗೆ ಬಟ್ಟಿ ಬಿಗಿದು ಕಟ್ಕೊಂಡಾಳ. ಡಬ್ಬಿ ಹಾಲು ಕುಡದು ಕೂಸಿಗೆ ಒಂದೇ ಸವನ ಭೇದಿ ಹತ್ತ್ಯಾದ. ಕೈಕಾಲು ಕಡ್ಡಿ ಆಗ್ಯಾವ್ರಿ" ಅಂದರು. ಅಷ್ಟು ದೊಡ್ಡ ಗಂಡಸು, ನನ್ನೆದುರು ಕೂತು ಅತ್ತುಬಿಟ್ಟರು. ಹುಚ್ಚಿ, ಏನು ಮಾಡಿಕೊಂಡೆಯೇ ಇದು?

ಯಾಕೆ ಬಿಟ್ಟೆ ಅಂತ ನನಗೆ ಗೊತ್ತು. ನಾಗನಾಥ ಹೋದ ದಿನ ಡಾಕ್ಟರು ಹೇಳಿದ್ದು, ನಾನೇ ಬಂದು ನಿನ್ನ ಮುಂದೆ ಆಡಿದ ಮಾತು ನಿನ್ನ ತಲೆಯಲ್ಲಿ ಕೂತಿದೆ. ಹುಳಕ್ಕೆ ಹೊಡೆಯುವ ಇಂಥ ಔಷಧ ಮಣ್ಣಲ್ಲಿ ಸಾಯುವುದಿಲ್ಲ, ಮೇವಿನಿಂದ ಎಮ್ಮೆಗೆ, ಎಮ್ಮೆಯಿಂದ ತುಪ್ಪಕ್ಕೆ, ತಾಯಿಯ ಹಾಲಿಗೂ ಇಳಿಯುತ್ತದೆ ಅಂದರಲ್ಲ, ಅದು. ಮಗನನ್ನು ಕಳೆದುಕೊಂಡವಳು, ಮಗಳಿಗೂ ವಿಷ ಕುಡಿಸುತ್ತಿದ್ದೇನೆ ಅಂದುಕೊಂಡೆ.

ಎಳ್ಳಮಾವಾಸ್ಯೆಯ ದಿನ ನೀನು ಇಲ್ಲೇ ಬಾಣಂತಿ ಕೋಣೆಯಲ್ಲಿದ್ದೆ, ಹೊಲದಲ್ಲಿ ಆದದ್ದನ್ನು ನೋಡಲಿಲ್ಲ. ಕಾಯಿಗೆ ಹುಳ ಬಿತ್ತೆಂದು ನಿಮ್ಮಪ್ಪ ಹಬ್ಬಕ್ಕೆ ಎರಡು ದಿನ ಮೊದಲು ಕಡಲೆಗೆ ಎಂಡ್ರಿನ್ ಎಣ್ಣೆ ಹೊಡೆಸಿದ್ದರು. ಹುಳ ಸತ್ತು ಬೆಳೆ ಹಸಿರಾಗಿ ನಿಂತಿತ್ತು, ಯಾರಿಗೆ ಅನುಮಾನ ಬರಬೇಕು? ಕಡಲೆ ಸೊಪ್ಪನ್ನು ನಮ್ಮಲ್ಲಿ ಯಾರಾದರೂ ತೊಳೆಯುತ್ತಾರೆಯೇ? ತೊಳೆದರೆ ಹುಳಿ ಹೋಗುತ್ತದೆ ಅಂತ ಚಿವುಟಿ ಹಾಗೆಯೇ ಬಾಯಿಗೆ ಹಾಕಿಕೊಳ್ಳುವ ಜನ ನಾವು. ಪೂಜೆ ಮುಗಿಸಿ ಹೊಲದ ತುಂಬ ಚರಗ ಚೆಲ್ಲುತ್ತಿದ್ದೆವು, ಭೂಮಿತಾಯಿ ಉಣ್ಣಲಿ ಅಂತ. ನಾಗನಾಥ ಸಾಲಿನಲ್ಲಿ ಕೂತು ಚಿವುಟುತ್ತಿದ್ದ, ತಿನ್ನುತ್ತಿದ್ದ. ನಾವು ಬುತ್ತಿ ಬಿಚ್ಚುವಷ್ಟರಲ್ಲಿ ಬಿದ್ದು ಒದ್ದಾಡತೊಡಗಿದ. ಪಕ್ಕದ ಹೊಲದ ಗೌಸ ಗಾಡಿ ಹೂಡಿ ಓಡಿಸಿದ. ಹುಮನಾಬಾದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ, ನನ್ನ ತೊಡೆಯಲ್ಲೇ ಕೂಸು ತಣ್ಣಗಾಯಿತು.

ಸತ್ತ ಹುಳ ಹೆಕ್ಕಿದ ಬೆಳ್ಳಕ್ಕಿಗಳೂ ಸಾಲಿನ ನಡುವೆ ಬಿದ್ದಿದ್ದವಂತೆ. ಅವನ್ನು ತಿಂದು ಗೌಸನ ನಾಯಿಯೂ ಹೋಯಿತು. "ಕಾಕಿ, ಹೊಲದಾಗ ಒಂದು ಹಕ್ಕಿ ದನಿ ಇಲ್ರಿ, ದುಡ್ಯಾಕ ಮನಸ್ಸ ಬರವಲ್ದು" ಅನ್ನುತ್ತಾನೆ. ನಿಮ್ಮಪ್ಪ ಆ ಕಡಲೆಯನ್ನು ಕೀಳಲೇ ಇಲ್ಲ, ಕುಂಟೆ ಹೊಡೆದುಬಿಟ್ಟರು. ಉಣ್ಣಲು ಕರೆದರೆ ಬರುತ್ತಾರೆ, ತಾಟು ನೋಡುತ್ತಾ ಕೂರುತ್ತಾರೆ. ಅವರ ಮೇಲೆ ಸಿಟ್ಟು ಮಾಡೋಣವೆಂದರೂ ನನ್ನಿಂದ ಆಗುವುದಿಲ್ಲ.

ನಿನ್ನ ಗಂಡ ಹೋದ ಮರುದಿನವೇ ಬಸ್ಸು ಹತ್ತಿ ಅದೇ ಡಾಕ್ಟರ ಹತ್ತಿರ ಹೋದೆ. ಆ ಮೆಟ್ಟಿಲನ್ನು ಗೋಡೆ ಹಿಡಿದು ಏರಿದೆ. ನಿನ್ನ ಸುದ್ದಿ ಕೇಳಿ ಅವರು ಹಣೆ ಚಚ್ಚಿಕೊಂಡರು. "ಅವ್ವಾ, ಆ ಔಷಧ ಮುಟ್ಟದ ಹಾಲು ಈಗ ಎಲ್ಲಿಂದ ತರ್ತೀರಿ? ಎಮ್ಮಿದಾಗೂ ಅದ, ಆಡಿಂದಾಗೂ ಅದ. ತಾಯಿ ಹಾಲಿನ್ಯಾಗ ಇರೂದು ಭಾಳ ಸ್ವಲ್ಪ, ಅದರಿಂದ ಕೂಸು ಸಾಯಂಗಿಲ್ಲ. ಹಾಲು ಬಿಡಿಸಿದ್ರ ಮಾತ್ರ ಸಾಯ್ತದ. ಇವತ್ತೇ ಕುಡಿಸಾಕ ಹೇಳ್ರಿ" ಅಂದರು.

ಹೋದ ಜೀವ ಅತ್ತರೆ ಬರುವುದಿಲ್ಲ ಸೂಗಿ, ಇದ್ದ ಜೀವವನ್ನು ಉಪವಾಸ ಕೆಡವಬೇಡ. ಬಟ್ಟೆ ಬಿಚ್ಚು. ಹಾಲು ಬತ್ತಿದೆ ಅನ್ನಿಸಿದರೂ ಕೂಸನ್ನು ಎದೆಗೆ ಹಚ್ಚು, ಹಚ್ಚಿದಷ್ಟೂ ಇಳಿಯುತ್ತದಂತೆ. ನನ್ನನ್ನು ಬೈಯುವುದಿದ್ದರೆ ಬೈಯಿ, ಆದರೆ ಕುಡಿಸುತ್ತಾ ಬೈಯಿ. ಈ ಕಾಗದದ ಹಿಂದೆಯೇ ನಾನೂ ಕಲ್ಯಾಣಕ್ಕೆ, ನಿನ್ನ ಮನೆಗೆ ಬರುತ್ತೇನೆ.

ನಿನ್ನ ಉಡಿ ತಣ್ಣಗಿರಲಿ, ನಿನ್ನ ಮನೆಯ ತೊಟ್ಟಿಲು ತೂಗುತ್ತಿರಲಿ.

ನಿನ್ನ ಅವ್ವ,
ಕಸ್ತೂರಿಬಾಯಿ

ತಾ.ಕ.: ಇದನ್ನು ನಿನಗೆ ಹೇಳಲೇಬಾರದು ಅಂತ ಇಷ್ಟು ದಿನ ಹಲ್ಲು ಕಚ್ಚಿಕೊಂಡಿದ್ದೆ. ನೀನು ಹಾಲು ನಿಲ್ಲಿಸಿದ್ದಕ್ಕೆ ಹೇಳುತ್ತಿದ್ದೇನೆ. ಆ ದಿನ ನಾಗನಾಥನ ಅಂಗಿಯ ಕಿಸೆ ತುಂಬ ಕಡಲೆ ಸೊಪ್ಪಿತ್ತು. ಬಾಣಂತಿಗೆ ಸಬ್ಬಸಗಿ ಸೊಪ್ಪು ತಿನ್ನಿಸಿದರೆ ಹಾಲು ಬರುತ್ತದೆ ಅಂತ ನಾವು ಮಾತಾಡಿದ್ದನ್ನು ಕೇಳಿಸಿಕೊಂಡಿದ್ದನೇನೋ. ಅವನಿಗೆ ಎಲ್ಲ ಸೊಪ್ಪೂ ಒಂದೇ. ಗಾಡಿಯಲ್ಲಿ ನಡುಕ ಸ್ವಲ್ಪ ನಿಂತಾಗ ಕಿಸೆಯನ್ನು ಗಟ್ಟಿಯಾಗಿ ಹಿಡಿದುಕೊಂಡು, "ಆಯಿ, ಇದು ಅವ್ವಂದು, ನೀ ತಿನಬ್ಯಾಡ. ಅವ್ವ ತಿಂದ್ರ ಹಾಲು ಬರ್ತದ, ತಂಗಿ ಅಳಂಗಿಲ್ಲ" ಅಂದ. ಆಮೇಲೆ ಅವನು ಮಾತಾಡಲಿಲ್ಲ, ಸೂಗಿ.