ಕೌದಿಗೆ ಹಾಕಿದ ಸೀರೆ

ಖಾನಾಪುರ
೧೧ ಜನವರಿ ೨೦೨೫, ಶನಿವಾರ

ಸೊಸೆ ನಾಗರತ್ನಾಳಿಗೆ ಅತ್ತೆ ಗೌರವ್ವನ ಆಶೀರ್ವಾದ. ಬೇಡವೆನಿಸಿದರೂ ತೆಗೆದುಕೋ.

ನೀನು ಹೇಗಿದ್ದೀ? ಮೊಮ್ಮಗಳು ಸಾಕ್ಷಿಯ ಕೆಮ್ಮು ನಿಂತಿತೇ? ನಿಮ್ಮ ಅಪ್ಪ ಬಾಳಪ್ಪನವರ ಮೊಣಕಾಲು ನೋವು ಹೇಗಿದೆ? ಬೆಳಗಾವಿಯಲ್ಲಿ, ನಿಮ್ಮ ಶಿವಬಸವ ನಗರದಲ್ಲಿ ಚಳಿ ಅಷ್ಟಿಲ್ಲ ಎಂದು ವಿನಯ ಹೇಳಿದ. ಇಲ್ಲಿ ಒಂಬತ್ತು ಗಂಟೆಯಾದರೂ ಮಂಜು ಸರಿಯುವುದಿಲ್ಲ. ನನ್ನ ಆರೋಗ್ಯ ಚೆನ್ನಾಗಿದೆ. ನೀನು ಕೇಳುವುದಿಲ್ಲವೆಂದು ನಾನೇ ಹೇಳುತ್ತಿದ್ದೇನೆ. ಫೋನ್ ಮಾಡಿದರೆ ಎತ್ತುವುದಿಲ್ಲ. ಅದಕ್ಕೇ ಅಂಗನವಾಡಿಯಲ್ಲಿ ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಅಕ್ಷರ ತಿದ್ದಿಸಿದ ಕೈಗೆ ಮತ್ತೆ ಕೆಲಸ ಹಚ್ಚಿದ್ದೇನೆ. ಈ ಪತ್ರ ವಿನಯನ ಕೈಯಲ್ಲಿ ಬರುತ್ತದೆ. ನನ್ನ ಮಗ ಪ್ರತಿ ಶನಿವಾರ ನಿಮ್ಮಲ್ಲಿಗೆ ಬಂದು, ರವಿವಾರ ಸಂಜೆ ಮೋರೆ ಜೋಲು ಹಾಕಿಕೊಂಡು ತಿರುಗಿ ಬರುತ್ತಾನೆ. ನಮ್ಮಿಬ್ಬರ ನಡುವೆ ಅಲೆದು ಸೊರಗಿ ಹೋಗಿದ್ದಾನೆ.

ಚಳಿಗಾಲ ಬಂತೆಂದರೆ ನನ್ನ ಕೈ ಸುಮ್ಮನಿರುವುದಿಲ್ಲ, ನಿನಗೆ ಗೊತ್ತು. ಎರಡು ವರ್ಷದ ಹಿಂದೆ ಸಾಕ್ಷಿಗೆ ಚಿಂದಿಯ ಗೊಂಬೆ ಹೊಲಿದೆ; ಬೆಳಗಾವಿ ಅಜ್ಜಿ ಕೊಟ್ಟದ್ದೇ ಚೆಂದ ಎಂದಳು. ಕಳೆದ ವರ್ಷ ಉಣ್ಣೆಯ ಟೊಪ್ಪಿಗೆ ಹೆಣೆದೆ; ಚುಚ್ಚುತ್ತದೆ ಎಂದು ಕಿತ್ತು ಒಗೆದಳು. ಕೂಸಿನ ಮಾತು, ಬಿಡು. ಈ ಸಲ ಅವಳಿಗೆ ಹೊದೆಯಲು ಕೌದಿಯೇ ಹೊಲಿಯೋಣವೆಂದು ಅಂಗಳದ ಬಿಸಿಲಿಗೆ ಕುಳಿತೆ. ಪಕ್ಕದ ಮನೆಯ ಪ್ರಮಿಳಾ ತಾನೂ ಒಂದು ಸೂಜಿ ಹಿಡಿದು ಬಂದಳು. ಅವಳು ಮರಾಠಿಯಲ್ಲಿ ತನ್ನ ಸೊಸೆಯನ್ನು ಬೈಯುವುದು, ನಾನು ಹೂಂ ಹೂಂ ಎನ್ನುವುದು. ನಾನು ನಿನ್ನನ್ನು ಬೈಯಲಿಲ್ಲ, ಖರೇ ಹೇಳುತ್ತೇನೆ. ಬೈಯಲು ಆಗ ಏನೂ ಇರಲಿಲ್ಲ.

ನಮ್ಮ ಮನೆಯ ಪದ್ಧತಿಯನ್ನು ನಿನ್ನ ಮದುವೆಯಾದ ವರ್ಷವೇ ಹೇಳಿದ್ದೆ. ಮೊಮ್ಮಕ್ಕಳ ಕೌದಿಯಲ್ಲಿ ಎರಡೂ ಮನೆಯ ಅಜ್ಜಿಯರು ಉಟ್ಟ ಸೀರೆ ಇರಬೇಕು. ಹೊಸ ಬಟ್ಟೆ ನಡೆಯುವುದಿಲ್ಲ. ಉಟ್ಟು ಉಟ್ಟು ಮೆತ್ತಗಾದದ್ದೇ ಆಗಬೇಕು. ನನ್ನವೆರಡು ಸೀರೆ ಕತ್ತರಿಸಿ ಹಾಸಿದ್ದಾಗಿತ್ತು. ನೀನು ಸಾಕ್ಷಿಯನ್ನು ಕರೆದುಕೊಂಡು ಸಾಮಾನು ತರಲು ಬೆಳಗಾವಿಯ ರವಿವಾರ ಪೇಟೆಗೆ ಹೋದ ದಿನ, ನಿನ್ನ ಟ್ರಂಕಿನ ತಳದಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಗಂಟು ಹಾಕಿಟ್ಟ ಹಸಿರು ಸೀರೆ ಸಿಕ್ಕಿತು. ನಿನ್ನ ಅವ್ವ ಕಾಂತಾಬಾಯಿಯದು. ಅವರು ಹೋಗಿ ಆಗ ಐದು ತಿಂಗಳು. ಆಸ್ಪತ್ರೆಗೆ ಸೇರಿಸಿದ ದಿನ ಮೈಮೇಲಿದ್ದ ಸೀರೆ ಅದು ಎಂದು ನನಗೆ ಯಾರು ಹೇಳಿದ್ದರು? ಕೌದಿಗೆ ಹಾಕುವ ಬಟ್ಟೆಯನ್ನು ಮೊದಲು ಒಗೆಯಬೇಕು, ಅದು ಎಲ್ಲರೂ ಮಾಡುವುದೇ. ಬಿಸಿನೀರಿನಲ್ಲಿ ನೆನೆಸಿ, ಸಾಬೂನು ಹಚ್ಚಿ, ಬಿಸಿಲಿಗೆ ಹರವಿದೆ. ಒಣಗಿದ ಮೇಲೆ ಕತ್ತರಿ ಆಡಿಸಿದೆ.

ಸಂಜೆ ನೀನು ಬಂದು ನೋಡಿದೆ. ಕೂಗಾಡುತ್ತೀ ಅಂದುಕೊಂಡೆ, ಕೂಗಾಡಿದ್ದರೆ ನನಗೂ ಬಾಯಿ ಇತ್ತು. ನೀನು ಒಂದು ತುಂಡನ್ನು ಎತ್ತಿ ಮೂಗಿಗೆ ಹಿಡಿದೆ. “ಕತ್ತರಿಸಿದ್ದು ಇರಲಿ ಅತ್ತಿ, ಒಗದದ್ದು ಯಾಕ್ರೀ? ಅದರಾಗ ನಮ್ಮವ್ವನ ವಾಸನಿ ಇತ್ತು” ಎಂದೆ. ಮರುದಿನ ಮಗುವನ್ನು ಕರೆದುಕೊಂಡು ತವರಿಗೆ ಹೊರಟೆ. ಇವತ್ತಿಗೆ ಏಳು ವಾರ.

ಎಲ್ಲರೂ ನನ್ನನ್ನೇ ಸಮಾಧಾನ ಮಾಡುತ್ತಾರೆ. ಪಾಪ, ನಿಮಗೇನು ಗೊತ್ತಿತ್ತು ಎನ್ನುತ್ತಾಳೆ ಪ್ರಮಿಳಾ. ವಿನಯನೂ ನಿನ್ನೆದುರು ನನ್ನ ಪರವಾಗಿ ಹಾಗೆಯೇ ವಾದಿಸುತ್ತಾನಂತೆ. ಕೇಳಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತದೆ. ಸಿಟ್ಟು ನಿನ್ನ ಮೇಲೂ ಇದೆ, ಸತ್ತ ನಿನ್ನ ಅವ್ವನ ಮೇಲೂ ಇದೆ. ಹುಟ್ಟಿದಾಗಿನಿಂದ ಮೂರು ವರ್ಷ ಸಾಕ್ಷಿ ಅವರ ಮಡಿಲಲ್ಲೇ ಬೆಳೆದಳು. ಖಾನಾಪುರಕ್ಕೆ ಬಂದ ಮೇಲೂ ಜ್ವರ ಬಂದರೆ ಬೆಳಗಾವಿ ಅಜ್ಜಿ ಬೇಕೆಂದೇ ಅಳುವಳು. ಅವರು ಹೋದ ಮೇಲಾದರೂ ನನ್ನ ಕಡೆ ಬಂದಾಳು ಅಂದುಕೊಂಡಿದ್ದೆ. ಎಲ್ಲಿಯದು! ನಾನು ಗಂಜಿಯ ಬಟ್ಟಲು ಹಿಡಿದು ನಿಲ್ಲಬೇಕು, ಅವಳು ಗೋಡೆಯ ಕಡೆ ಹೊರಳಬೇಕು. ಊರ ಮಕ್ಕಳ ಮೂಗು ಒರೆಸಿ ಮುದುಕಿಯಾದವಳಿಗೆ ಸ್ವಂತ ಮೊಮ್ಮಗಳು ಒಲಿಯಲಿಲ್ಲ. ಇದನ್ನು ಯಾರ ಮುಂದೆ ಹೇಳಲಿ? ಹೇಳಿದರೆ ನಗುತ್ತಾರೆ.

ಕೌದಿ ಮುಗಿದಿದೆ, ವಿನಯ ತರುತ್ತಾನೆ. ಹೊದಿಸುವುದು ಬಿಡುವುದು ನಿನಗೆ ಸೇರಿದ್ದು. ಜೊತೆಗೆ ಕುಸುರೆಳ್ಳೂ ಇದೆ, ಮೂರು ದಿನ ಒಲೆಯ ಮುಂದೆ ಕುಳಿತು ಮಾಡಿದ್ದೇನೆ. ಸಾಕ್ಷಿಗೆ ಕೊಡು, ಯಾರು ಮಾಡಿದ್ದೆಂದು ಹೇಳದಿದ್ದರೂ ನಡೆಯುತ್ತದೆ. ಸಂಕ್ರಾಂತಿಗೆ ಬಾ ಎಂದು ಕರೆಯುವುದಿಲ್ಲ. ಕರೆದು ನೀನು ಬಾರದಿದ್ದರೆ ಓಣಿಯಲ್ಲಿ ನನಗೇ ಅವಮಾನ.

ಬೀಗರಿಗೆ ಶರಣು ತಿಳಿಸು. ಮಗುವಿನ ಕಿವಿಗೆ ಗಾಳಿ ಬೀಳದಂತೆ ನೋಡಿಕೋ. ನಿನಗೆ ಒಳ್ಳೆಯದಾಗಲಿ, ಇದನ್ನು ಮನಸ್ಸಿನಿಂದಲೇ ಬರೆದಿದ್ದೇನೆ.

ನಿನ್ನ ಅತ್ತೆ
ಗೌರವ್ವ

ತಾ.ಕ.: ಬಸ್ಸಿಗೆ ಹೊತ್ತಾಯಿತೆಂದು ವಿನಯ ಬಾಗಿಲಲ್ಲಿ ನಿಂತಿದ್ದಾನೆ. ಇದನ್ನು ಅವನಿಗೆ ತೋರಿಸಬೇಡ. ಆ ಚೀಲದ ಗಂಟು ಬಿಚ್ಚಿದಾಗ ನಾನೂ ಸೀರೆಯನ್ನು ಮೂಸಿ ನೋಡಿದ್ದೆ. ಬೀಗತಿಯ ಪಕ್ಕದಲ್ಲಿ ಎಷ್ಟು ಸಲ ಕುಳಿತು ಉಂಡವಳು ನಾನು, ಆ ವಾಸನೆ ನನಗೆ ತಿಳಿಯುವುದಿಲ್ಲವೇ? ನೀನು ಯಾಕೆ ಗಂಟು ಕಟ್ಟಿಟ್ಟಿದ್ದೀ ಎಂಬುದೂ ಆಗಲೇ ತಿಳಿಯಿತು. ತಿರುಗಿ ಇಡಬಹುದಿತ್ತು. ನಾನು ಹೊಲಿದದ್ದನ್ನು ಹೊದ್ದು ಸಾಕ್ಷಿ ಮತ್ತೆ ಅವರನ್ನೇ ನೆನೆಯುತ್ತಾಳೆ ಅನಿಸಿತು. ಗೊತ್ತಿದ್ದೇ ಒಗೆದೆ ನಾಗರತ್ನಾ. ಒಂದು ಸಲಕ್ಕೆ ವಾಸನೆ ಹೋಗಲಿಲ್ಲ, ಇನ್ನೊಮ್ಮೆ ಒಗೆದೆ.