ಉಪ್ಪು ಹಾಕಿಕೊಳ್ಳಿ ಎಂದರು ಡಾಕ್ಟರು

ಮಾರ್ಚ್ 4

ಇವತ್ತೂ ಹಾಗೇ ಆಯಿತು. ಶೂ ಅಂಗಡಿಯಲ್ಲಿ ಕುಕ್ಕರಗಾಲಲ್ಲಿ ಕೂತು ಒಬ್ಬ ದಪ್ಪ ಮನುಷ್ಯನ ಕಾಲಿಗೆ ಶೂ ಹಾಕಿ ನೋಡುತ್ತಿದ್ದೆ. ಒಂಬತ್ತು ಬಿಗಿ, ಹತ್ತು ಸಡಿಲ. ಬೇರೆ ಜೊತೆ ತರೋಣವೆಂದು ಎದ್ದೆ — ಕಣ್ಣು ಕತ್ತಲೆ. ರ‍್ಯಾಕ್ ಹಿಡಿದುಕೊಂಡೆ, ಡಬ್ಬಗಳೆಲ್ಲ ಮೈಮೇಲೆ. ಆತ ಒಂದೇ ಶೂನಲ್ಲಿ ಕುಂಟುತ್ತ ಹೋಗಿ ನೀರು ತಂದುಕೊಟ್ಟ. ಪಾಪ. ಯಜಮಾನರು ಮಾತ್ರ ಮುಖ ಗಂಟು ಹಾಕಿದರು. "ಹೀಗೆ ದಿನಾ ಬೀಳ್ತಿದ್ರೆ ಗಿರಾಕಿಗಳು ಏನಂದ್ಕೋತಾರಮ್ಮಾ? ಮೊದ್ಲು ಡಾಕ್ಟರಿಗೆ ತೋರಿಸ್ಕೊಂಡು ಬನ್ನಿ."

ಈ ಕೆಲಸವೂ ಹೋದರೆ ದಿನವಿಡೀ ಮನೆಯಲ್ಲಿ ಯಾರ ಮುಖ ನೋಡಲಿ?

ಮಾರ್ಚ್ 6

ಬಿಪಿ ಎಂಬತ್ತೈದು–ಐವತ್ತೈದು. ಮಿಷನ್ ಕೆಟ್ಟಿದೆಯೆಂದು ನರ್ಸ್ ಇನ್ನೊಂದು ತಂದಳು. ಅದೂ ಅದನ್ನೇ ಹೇಳಿತು. ನನಗೆ ನಗು. ನಮ್ಮ ಮನೆಯಲ್ಲಿ ಬಿಪಿ ಎಂದರೆ ಇವರದು, ಏರುವುದೊಂದೇ ಅದಕ್ಕೆ ಗೊತ್ತಿದ್ದದ್ದು. ಇದ್ದಿದ್ದರೆ ಬಿಡುತ್ತಿದ್ದರೇ? "ನಂದ್ರಲ್ಲಿ ಸ್ವಲ್ಪ ತಗೊಳ್ಳೇ, ಇಬ್ರದೂ ಸರಿಹೋಗುತ್ತೆ" ಎನ್ನುತ್ತಿದ್ದರು.

ನವೆಂಬರಿನಲ್ಲಿ ಹೋಗಿಬಿಟ್ಟರು. ಹೇಳಿಕೊಂಡು ನಗಲು ಗಂಡನಿಲ್ಲ.

ರಕ್ತ, ಇಸಿಜಿ, ಥೈರಾಯ್ಡ್ — ಎಲ್ಲಕ್ಕೂ ಬರೆದುಕೊಟ್ಟಿದ್ದಾರೆ.

ಮಾರ್ಚ್ 9

ನಾದಿನಿ ಬಂದಿದ್ದಳು. ಇವರ ಒಬ್ಬಳೇ ತಂಗಿ. ಬಾಯಿ ಜೋರು, ಕರುಳು ಮೆತ್ತಗೆ. ಗ್ಲೂಕೋಸ್, ದಾಳಿಂಬೆ, ಒಣದ್ರಾಕ್ಷಿ... ಚೀಲ ತುಂಬ. "ಬೆಳಿಗ್ಗೆ ತಟ್ಟಂತ ಏಳ್ಬೇಡಿ ಅತ್ತಿಗೆ. ಸ್ವಲ್ಪ ಹೊತ್ತು ಮಂಚದ ಮೇಲೇ ಕೂತಿದ್ದು ಆಮೇಲೆ ಎದ್ದೇಳಿ."

ಕೂತರೆ ಪಕ್ಕದ ದಿಂಬು ಕಾಣುತ್ತದೆ. ಅದಕ್ಕೇ ನಾನು ತಟ್ಟನೆ ಏಳುವುದು.

ಮಾರ್ಚ್ 17, ಸಂಜೆ

ರಿಪೋರ್ಟ್ ಎಲ್ಲ ಸರಿಯಾಗಿದೆಯಂತೆ. ಡಾಕ್ಟರಿಗೇ ತಲೆಬಿಸಿ. ಕೊನೆಗೆ ಕೇಳಿದರು, "ಊಟದಲ್ಲಿ ಉಪ್ಪು ಕಮ್ಮಿ ಹಾಕ್ತೀರಾ?"

"ಹಾಕೋದೇ ಇಲ್ಲ ಡಾಕ್ಟ್ರೇ. ನಮ್ಮನೆಯವ್ರಿಗೆ ಹೈ ಬಿಪಿ."

ಬಾಯಿಂದ ಹಾಗೇ ಬಂದುಬಿಟ್ಟಿತು. ಇವರಿಗೆ ಉಪ್ಪು ನಿಲ್ಲಿಸಿದಾಗ ನಾನೂ ಬಿಟ್ಟಿದ್ದೆ. ಇವರ ಎದುರು ಕೂತು ಚಪ್ಪರಿಸಿಕೊಂಡು ತಿನ್ನಲು ಮನಸ್ಸಾಗಲಿಲ್ಲ. ಮೊದಲ ದಿನ ಇಬ್ಬರೂ ಒಂದೊಂದು ತುತ್ತು ಬಾಯಿಗಿಟ್ಟು, ಒಬ್ಬರ ಮುಖ ಒಬ್ಬರು ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. "ಸಮುದ್ರದ ಪಕ್ಕ ಮನೆ ಮಾಡೋಣ ಕಣೇ, ಗಾಳೀನಾದ್ರೂ ನೆಕ್ಕೊಂಡು ಬದುಕ್ತೀನಿ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಅವ್ರಿಗೆ ಸಪ್ಪೆ ಊಟ, ಸರಿ. ನಿಮಗೆ ಬೇರೆ ಮಾಡ್ಕೊಳ್ಳಿ. ಉಪ್ಪು ಹಾಕ್ಕೊಳ್ಳಿ."

ಆಗಲಿ ಎಂದು ಎದ್ದು ಬಂದೆ. ಇವರು ಇಲ್ಲ ಎಂದು ಅವರಿಗೆ ಹೇಳಲಾಗಲಿಲ್ಲ.

ಮಾರ್ಚ್ 18

ಉಪ್ಪಿನ ಪ್ಯಾಕೆಟ್ ತಂದೆ. ನಾಳೆ ಒಡೆದರಾಯಿತು.

ಮಾರ್ಚ್ 26

ಅಂಗಡಿಯ ಏಣಿಯಿಂದ ಬಿದ್ದೆ. ಹಣೆಗೆ ನಾಲ್ಕು ಹೊಲಿಗೆ. ಯಜಮಾನರು ಈ ಸಲ ಗದರಿಸಲೂ ಇಲ್ಲ. "ಸದ್ಯಕ್ಕೆ ಮನೇಲೇ ಇರಿ. ಆಮೇಲೆ ನೋಡೋಣ."

ನಾದಿನಿ ಅಡುಗೆಮನೆಯಲ್ಲಿ ಒಡೆಯದ ಪ್ಯಾಕೆಟ್ ನೋಡಿದಳು. ಡಾಕ್ಟರು ಹೇಳಿದ್ದು ಅವಳಿಗೂ ಗೊತ್ತು.

"ಅಣ್ಣನ ಹಿಂದೇನೇ ಹೋಗ್ಬೇಕು ಅಂತಿದೀರಾ?" ಬೈದಳು. ಬೈಯುತ್ತ ಬೈಯುತ್ತಲೇ ಅತ್ತಳು. "ತವರು ಅಂತ ನಂಗಿನ್ಯಾರಿದಾರೆ ಅತ್ತಿಗೆ?"

ಇವರ ಜೊತೆ ನಾನು ಈಗಲೂ ಮಾಡುತ್ತಿರುವುದು ಈ ಸಪ್ಪೆ ಊಟವೊಂದೇ. ಉಪ್ಪು ಹಾಕಿದರೆ ಅದು ಒಬ್ಬಳ ಅಡುಗೆ. ಇವರು ಬಂದು ಕೂರುವ ಹಾಗಿಲ್ಲ.

ಆದರೂ ಅವಳ ಕೈ ಹಿಡಿದು ಮಾತು ಕೊಟ್ಟೆ.

ಮಾರ್ಚ್ 27, ಮಧ್ಯಾಹ್ನ

ಆಲೂಗಡ್ಡೆ ಬೇಯಿಸಿದೆ. ಪ್ಯಾಕೆಟ್ ಹಲ್ಲಿನಿಂದ ಕಚ್ಚಿ ತೆರೆದೆ. ಒಂದು ಚಿಟಿಕೆ. ಬಾಯಿಗಿಟ್ಟೆ. ಇನ್ನೊಂದು ಚಿಟಿಕೆ...

ಅಬ್ಬಾ, ಎಂಥ ರುಚಿ! ಮೂರು ದಿನ ಉಪವಾಸವಿದ್ದವಳ ಹಾಗೆ ಗಬಗಬ ತಿಂದೆ. ಬೆರಳೂ ನೆಕ್ಕಿದೆ. ತಟ್ಟೆ ಖಾಲಿಯಾದ ಮೇಲೆ ತಿಳಿಯಿತು — ಅಷ್ಟು ಹೊತ್ತೂ ಇವರ ನೆನಪೇ ಆಗಿರಲಿಲ್ಲ. ಒಂದು ಸಲವೂ ಇಲ್ಲ.

ರೀ, ನಿಮ್ಮಾಣೆಗೂ ನಾನು ಬೇಕಂತ ಮರೀಲಿಲ್ಲ...